ಸೇರಿದ ತಾರೀಕು

ಅಮೆರಿಕದ ಏರ್‌ಲೈನ್ ಒಂದಕ್ಕೆ ಹೊಸದಾಗಿ ಸೇರಿದ ಪೈಲಟ್‌ಗೆ ತರಬೇತಿಯ ತರಗತಿಯಲ್ಲೇ ಒಂದು ನಂಬರು ಕೊಡುತ್ತಾರೆ. ಅದಕ್ಕೆ ಸೀನಿಯಾರಿಟಿ ನಂಬರು ಎಂದು ಹೆಸರು. ಒಂದೇ ದಿನ ಸೇರಿದ ಇಪ್ಪತ್ತು ಮೂವತ್ತು ಮಂದಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಕೆಲವು ಕಂಪನಿಗಳು ವಯಸ್ಸು ನೋಡಿ ತೀರ್ಮಾನಿಸುತ್ತವೆ. ಕೆಲವು ಕಡೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡುತ್ತಾರೆ. ಯಾರು ಎಷ್ಟು ಚೆನ್ನಾಗಿ ವಿಮಾನ ಹಾರಿಸುತ್ತಾರೆ ಎಂಬುದಕ್ಕೂ ಈ ನಂಬರಿಗೂ ಸಂಬಂಧವೇ ಇಲ್ಲ. ಆದರೂ ಮುಂದಿನ ಮೂವತ್ತು ವರ್ಷ ಯಾವ ಊರಿನಿಂದ ಹಾರಬೇಕು, ಯಾವ ವಿಮಾನ ಸಿಗುತ್ತದೆ, ಕ್ರಿಸ್‌ಮಸ್ ದಿನ ಮನೆಯಲ್ಲಿರಬಹುದೇ, ಬಲಗಡೆಯ ಸೀಟಿನಿಂದ ಎಡಗಡೆಯ ಕ್ಯಾಪ್ಟನ್ ಸೀಟಿಗೆ ಯಾವಾಗ ಬಡ್ತಿ, ಕಂಪನಿ ನಷ್ಟಕ್ಕೆ ಬಿದ್ದಾಗ ಮೊದಲು ಮನೆಗೆ ಹೋಗುವವರು ಯಾರು, ಎಲ್ಲವನ್ನೂ ಹೇಳುವುದು ಆ ನಂಬರೇ.

ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳನ್ನು ಬಲ್ಲವರಿಗೆ ಇದು ಹೊಸ ವಿಷಯವೇನಲ್ಲ. ಜ್ಯೇಷ್ಠತಾ ಪಟ್ಟಿ, ಕೌನ್ಸೆಲಿಂಗ್, ವರ್ಗಾವಣೆ ಎಂಬ ಮಾತುಗಳು ನಮ್ಮ ಅನೇಕ ಮನೆಗಳ ಊಟದ ಹೊತ್ತಿನ ಮಾತುಗಳೇ. ತಾವಾಗಿ ಕೇಳಿಕೊಂಡು ಬೇರೆ ವಿಭಾಗಕ್ಕೆ ವರ್ಗವಾದವರು ಅಲ್ಲಿನ ಪಟ್ಟಿಯ ತಳದಲ್ಲಿ ನಿಲ್ಲಬೇಕಾಗುತ್ತದೆ ಎಂಬುದೂ ಗೊತ್ತು. ಪೈಲಟ್‌ಗಳ ವಿಷಯದಲ್ಲಿ ಈ ನಿಯಮ ಇನ್ನೂ ಕಠಿಣ. ನಂಬರು ಕಂಪನಿಯ ಗೇಟು ದಾಟುವುದಿಲ್ಲ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರು ಇನ್ನೊಂದು ಏರ್‌ಲೈನ್‌ಗೆ ಹೋದರೆ ಅಲ್ಲಿ ನಿನ್ನೆ ಸೇರಿದ ಹುಡುಗನಿಗಿಂತ ಒಂದು ಸ್ಥಾನ ಕೆಳಗೆ, ಮೊದಲ ವರ್ಷದ ಸಂಬಳಕ್ಕೆ, ಬಲಗಡೆಯ ಸೀಟಿನಲ್ಲಿ ಕೂರಬೇಕು.

ಹೀಗಿರುವಾಗ ಹೊಸ ಪೈಲಟ್ ಒಬ್ಬರು ತಮ್ಮ ಮೊದಲ ಕೆಲಸಕ್ಕೆ ಯಾವ ಸಣ್ಣ ಏರ್‌ಲೈನನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ಮೇಲ್ನೋಟಕ್ಕೆ ಅದು ಸಂಬಳ, ಊರು, ವಿಮಾನದ ಮಾತು. ನನ್ನ ಓದು ಕಾರ್ಮಿಕ ಇತಿಹಾಸದ್ದು. ರೈಲ್ವೆ ನೌಕರರ ಸೀನಿಯಾರಿಟಿಯ ಬೆನ್ನು ಹಿಡಿದು ಹೊರಟವನಿಗೆ ಈ ಪೈಲಟ್‌ಗಳು ಸಿಕ್ಕರು. ಕಳೆದ ತೊಂಬತ್ತು ವರ್ಷಗಳಲ್ಲಿ ಈ ಪ್ರಶ್ನೆ ಎಷ್ಟು ಬಾರಿ ಬದಲಾಗಿದೆ ಎಂದು ನೋಡುತ್ತಾ ಹೋದರೆ, ಸರಿಯಾದ ಉತ್ತರವನ್ನು ಕೊಟ್ಟವರು ಅಂದಿನ ಮಟ್ಟಿಗೆ ಯಾರೂ ಇರಲಿಲ್ಲ ಎನಿಸುತ್ತದೆ. ಉತ್ತರ ಗೊತ್ತಾಗುತ್ತಿದ್ದದ್ದು ಇಪ್ಪತ್ತು ವರ್ಷದ ಮೇಲೆ.

ಮೊದಲಿಗೆ ಈ ಪಟ್ಟಿ ಯಾಕೆ ಬಂತು ಎಂಬುದನ್ನು ನೋಡಬೇಕು. 1919ರ ಜುಲೈನಲ್ಲಿ ನ್ಯೂಯಾರ್ಕ್ ಬಳಿಯ ಬೆಲ್ಮಾಂಟ್ ಪಾರ್ಕ್‌ನಲ್ಲಿ ಅಂಚೆ ವಿಮಾನದ ಪೈಲಟ್‌ಗಳು ದಟ್ಟ ಮಂಜಿನಲ್ಲಿ ಹಾರಲು ಒಪ್ಪಲಿಲ್ಲ. ವಾಷಿಂಗ್ಟನ್ನಿನ ಕಚೇರಿಯಲ್ಲಿ ಕೂತ ಅಂಚೆ ಇಲಾಖೆಯ ಅಧಿಕಾರಿ ಅವರನ್ನು ಕೆಲಸದಿಂದ ಕಿತ್ತುಹಾಕಿದರು. ಉಳಿದ ಪೈಲಟ್‌ಗಳು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಹವೆ ಹಾರಲು ಯೋಗ್ಯವಾಗಿದೆಯೇ ಎಂಬ ಬಗ್ಗೆ ತಕರಾರು ಬಂದರೆ ಇನ್ನು ಮುಂದೆ ವಿಮಾನ ನಿಲ್ದಾಣದ ಮೇಲ್ವಿಚಾರಕನೇ ಮೇಲೆ ಹಾರಿ ನೋಡಿ ಬರಬೇಕು ಎಂಬಂಥ ಒಪ್ಪಂದ ಅದು. ಓದುವಾಗ ನಗು ಬರುತ್ತದೆ, ಆದರೆ ಅದರೊಳಗಿನ ಭಯ ನಿಜವಾದದ್ದು. ಮೇಲಿನವರಿಗೆ ಇಷ್ಟವಾದ ಪೈಲಟ್ ಎಂದರೆ ಮಳೆಯಲ್ಲೂ ಮಂಜಿನಲ್ಲೂ ಇಲ್ಲ ಎನ್ನದೆ ಹಾರುವವನು. ಬಡ್ತಿ ಮೇಲಿನವರ ಕೃಪೆಯಿಂದ ಬರುವುದಾದರೆ ಇಲ್ಲ ಎನ್ನುವ ಧೈರ್ಯ ಯಾರಿಗಿರುತ್ತದೆ?

1931ರಲ್ಲಿ ಡೇವಿಡ್ ಬೆನ್ಕಿ ಎಂಬ ಪೈಲಟ್ ಷಿಕಾಗೋದಲ್ಲಿ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಕಟ್ಟಿದರು. ಮರುವರ್ಷವೇ ಸೆಂಚುರಿ ಏರ್‌ಲೈನ್ಸ್‌ನ ಮಾಲೀಕ ಇ. ಎಲ್. ಕಾರ್ಡ್ ಸಂಬಳ ಕಡಿತ ಮಾಡಿದಾಗ ಅಲ್ಲಿನ ಪೈಲಟ್‌ಗಳು ಮುಷ್ಕರಕ್ಕೆ ಇಳಿದರು. ಆರ್ಥಿಕ ಮಹಾಕುಸಿತದ ಕಾಲ ಅದು, ಕೆಲಸವಿಲ್ಲದ ಪೈಲಟ್‌ಗಳಿಗೆ ಬರವಿರಲಿಲ್ಲ. 1934ರಲ್ಲಿ ರಾಷ್ಟ್ರೀಯ ಕಾರ್ಮಿಕ ಮಂಡಳಿಯ 83ನೇ ತೀರ್ಪು ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸಬಾರದು ಎಂದು ಮಿತಿ ಹಾಕಿತು. 1936ರಲ್ಲಿ ರೈಲ್ವೆ ಕಾರ್ಮಿಕರ ಕಾಯ್ದೆಯನ್ನು ಏರ್‌ಲೈನ್‌ಗಳಿಗೂ ವಿಸ್ತರಿಸಿದರು. ರೈಲಿನ ಡ್ರೈವರು, ಫೈರ್‌ಮನ್‌ಗಳ ನಡುವೆ ಮೊದಲೇ ಬೇರೂರಿದ್ದ ಸೀನಿಯಾರಿಟಿ ಪದ್ಧತಿ ಕ್ರಮೇಣ ಕಾಕ್‌ಪಿಟ್‌ಗೂ ಬಂತು. ತಾರೀಕಿಗೆ ಮೇಲಿನವರ ಮರ್ಜಿ ಬೇಕಿಲ್ಲ. ಇಷ್ಟವಿಲ್ಲದವನನ್ನು ಹಿಂದೆ ಹಾಕುವ ದಾರಿ ಮುಚ್ಚಿತು. ಈ ಪಟ್ಟಿಯನ್ನು ಇಂದು ಬೈಯುವವರು ಬಹಳ ಮಂದಿ ಇದ್ದಾರೆ. ಅದು ಹುಟ್ಟಿದ್ದು ಸಾಯದೆ ಉಳಿಯುವ ಆಸೆಯಿಂದ ಎಂಬುದನ್ನು ಅವರು ಮರೆಯುತ್ತಾರೆ.

ಆದರೆ ತಾರೀಕಿನಿಂದ ಎಲ್ಲವೂ ತೀರ್ಮಾನವಾಗುವ ಕಡೆ, ಬಾಗಿಲಲ್ಲಿ ಕಾಯಿಸುವುದೇ ದೊಡ್ಡ ಶಿಕ್ಷೆ. ಹೆಲೆನ್ ರಿಚಿ 1934ರ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಸೆಂಟ್ರಲ್ ಏರ್‌ಲೈನ್ಸ್ ಸೇರಿದರು. ಸಣ್ಣ ಕಂಪನಿ, ವಾಷಿಂಗ್ಟನ್–ಡೆಟ್ರಾಯ್ಟ್ ಮಾರ್ಗ, ಫೋರ್ಡ್ ಟ್ರೈಮೋಟರ್ ವಿಮಾನ. ಅಮೆರಿಕದ ನಿಯತ ಸೇವೆಯ ಏರ್‌ಲೈನ್ ಒಂದರಲ್ಲಿ ಮೊದಲ ಮಹಿಳಾ ಪೈಲಟ್ ಅವರು. ಸಂಘ ಅವರಿಗೆ ಸದಸ್ಯತ್ವ ಕೊಡಲಿಲ್ಲ. ಕೆಟ್ಟ ಹವೆಯಲ್ಲಿ ಅವರಿಂದ ಹಾರಿಸಬೇಡಿ ಎಂದು ಸರ್ಕಾರಿ ಇಲಾಖೆ ಸೂಚಿಸಿತು. ಹಾರಿಸಿದ್ದಕ್ಕಿಂತ ಫೋಟೋಗೆ ನಿಂತದ್ದೇ ಹೆಚ್ಚು ಎಂಬಂತಾಗಿ ವರ್ಷ ತುಂಬುವ ಮೊದಲೇ ಅವರು ಕೆಲಸ ಬಿಟ್ಟರು. ಆ ಸಣ್ಣ ಕಂಪನಿ ಮುಂದೆ ಬೇರೊಂದರ ಜತೆ ಸೇರಿ ಪೆನ್ಸಿಲ್ವೇನಿಯಾ ಸೆಂಟ್ರಲ್ ಆಯಿತು, ಆಮೇಲೆ ಕ್ಯಾಪಿಟಲ್ ಆಯಿತು, 1961ರಲ್ಲಿ ಯುನೈಟೆಡ್ ಜತೆ ವಿಲೀನವಾಯಿತು. 1934ರಲ್ಲಿ ಅಲ್ಲಿ ಸೇರಿ ಉಳಿಯಲು ಬಿಟ್ಟಿದ್ದರೆ ಅದೆಂಥ ತಾರೀಕು!

ಇದಾಗಿ ಮೂವತ್ತೆಂಟು ವರ್ಷ ಕಳೆದ ಮೇಲೆ, 1973ರ ಜನವರಿಯಲ್ಲಿ, ಡೆನ್ವರ್‌ನ ಫ್ರಾಂಟಿಯರ್ ಏರ್‌ಲೈನ್ಸ್ ಎಮಿಲಿ ಹೋವೆಲ್ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಆಗ ಅವರಿಗೆ 33 ವರ್ಷ. ಸುಮಾರು 7,000 ಗಂಟೆ ಹಾರಾಟದ ಅನುಭವವಿತ್ತು. ಅದರಲ್ಲಿ ಬಹುಪಾಲು ಪಾಠ ಹೇಳಿಕೊಟ್ಟ ಗಂಟೆಗಳು. ಅವರಿಂದ ಕಲಿತ ಹುಡುಗರು ಅವರಿಗಿಂತ ಕಡಿಮೆ ಗಂಟೆಗಳಿಟ್ಟುಕೊಂಡು ಏರ್‌ಲೈನ್‌ಗಳಿಗೆ ಸೇರುತ್ತಿದ್ದರು, ಅವರು ವರ್ಷವರ್ಷವೂ ಅರ್ಜಿ ಹಾಕುತ್ತಿದ್ದರು. ಸಾಮಾನ್ಯವಾಗಿ ಇದನ್ನು ಅವಮಾನದ ಕಥೆಯಾಗಿ ಹೇಳುತ್ತಾರೆ. ಪಟ್ಟಿಯ ಲೆಕ್ಕದಲ್ಲಿ ನೋಡಿದರೆ ಅದು ಇನ್ನೂ ಕ್ರೂರ: ತಮಗಿಂತ ಮೊದಲು ಸೇರಿದ ಪ್ರತಿ ಶಿಷ್ಯನೂ ಆ ಕಂಪನಿಯಲ್ಲಿ ಕೊನೆಯವರೆಗೂ ತಮಗಿಂತ ಮೇಲೆ. 1976ರಲ್ಲಿ ಅವರು ಕ್ಯಾಪ್ಟನ್ ಆದರು. ಹತ್ತು ವರ್ಷದ ಮೇಲೆ, 1986ರಲ್ಲಿ, ಆ ಫ್ರಾಂಟಿಯರ್ ದಿವಾಳಿಯಾಗಿ ನಿಂತುಹೋಯಿತು.

ಫ್ರಾಂಟಿಯರ್‌ನಂಥ ಕಂಪನಿಗಳು ಹುಟ್ಟಿದ್ದು ಎರಡನೇ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿಗೆ. ಯಾವ ಏರ್‌ಲೈನ್ ಯಾವ ಊರಿಗೆ ಹಾರಬೇಕು, ಟಿಕೆಟ್ ದರ ಎಷ್ಟು ಎಂಬುದನ್ನು ಆಗ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ತೀರ್ಮಾನಿಸುತ್ತಿತ್ತು. ಸಣ್ಣ ಊರುಗಳಿಗೂ ವಿಮಾನ ಬೇಕೆಂದು ಬೋರ್ಡು ಸಬ್ಸಿಡಿ ಕೊಟ್ಟು ಒಂದು ಹೊಸ ವರ್ಗವನ್ನೇ ಹುಟ್ಟಿಸಿತು. ಮೊಹಾಕ್, ಓಜಾರ್ಕ್, ಪೀಡ್ಮಾಂಟ್, ಅಲೆಘೆನಿ, ಸದರ್ನ್, ನಾರ್ತ್ ಸೆಂಟ್ರಲ್ ಎಲ್ಲವೂ ಈ ವರ್ಗದವು. ಸೈನ್ಯದಿಂದ ಉಳಿದು ಬಂದ ಡಿಸಿ-3 ವಿಮಾನ, ಯುದ್ಧ ಮುಗಿಸಿ ಬಂದ ಪೈಲಟ್, ನಮ್ಮ ಹಳ್ಳಿ ಬಸ್ಸಿನ ಹಾಗೆ ನಿಂತು ನಿಂತು ಹೋಗುವ ಮಾರ್ಗ. ಇವೇ ಅಮೆರಿಕದ ಮೊದಲ ಪ್ರಾದೇಶಿಕ ಏರ್‌ಲೈನ್‌ಗಳು. ಇಂದಿನವಕ್ಕೂ ಇವಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಸೇರಿದ ಪೈಲಟ್ ಬಿಟ್ಟು ಹೋಗಲು ಸೇರುತ್ತಿರಲಿಲ್ಲ. ಟಿಕೆಟ್ಟಿನ ಮೇಲೆ ಇದ್ದದ್ದು ಆ ಕಂಪನಿಯದೇ ಹೆಸರು. ಕಂಪನಿ ಬೆಳೆದರೆ ಪೈಲಟ್ ಬೆಳೆಯುತ್ತಿದ್ದ.

ಎಷ್ಟು ಬೆಳೆಯುತ್ತದೆ ಎಂಬುದು ಮಾತ್ರ ಜೂಜು. ನಾರ್ತ್ ಸೆಂಟ್ರಲ್ ಮತ್ತು ಸದರ್ನ್ 1979ರಲ್ಲಿ ಸೇರಿ ರಿಪಬ್ಲಿಕ್ ಆದವು. ಅದನ್ನು 1986ರಲ್ಲಿ ನಾರ್ತ್‌ವೆಸ್ಟ್ ಕೊಂಡಿತು. ನಾರ್ತ್‌ವೆಸ್ಟ್ 2008ರಲ್ಲಿ ಡೆಲ್ಟಾ ಜತೆ ಸೇರಿತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾರ್ತ್ ಸೆಂಟ್ರಲ್ ಸೇರಿದ ಹುಡುಗ ಒಂದು ಸಲವೂ ರಾಜೀನಾಮೆ ಬರೆಯದೆ, ನಾಲ್ಕು ಸಮವಸ್ತ್ರ ಬದಲಿಸಿ, ಡೆಲ್ಟಾದ ಪಟ್ಟಿಯಲ್ಲಿ ನಿವೃತ್ತನಾಗಬಹುದಿತ್ತು. ಅದೇ ಕಾಲಕ್ಕೆ ಸೇಂಟ್ ಲೂಯಿಸ್‌ನ ಓಜಾರ್ಕ್ ಸೇರಿದವನದು ಬೇರೆ ದಾರಿ. ಓಜಾರ್ಕನ್ನು 1986ರಲ್ಲಿ ಟಿಡಬ್ಲ್ಯುಎ ಕೊಂಡಿತು. 2001ರಲ್ಲಿ ಟಿಡಬ್ಲ್ಯುಎ ಆಸ್ತಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಾಗ ಅಲ್ಲಿನ ಸುಮಾರು ಅರ್ಧದಷ್ಟು ಪೈಲಟ್‌ಗಳನ್ನು ಅಮೆರಿಕನ್‌ನ ಪಟ್ಟಿಯ ತಳಕ್ಕೆ ಸೇರಿಸಿದರು. ಪೈಲಟ್‌ಗಳ ಭಾಷೆಯಲ್ಲಿ ಇದಕ್ಕೆ ಸ್ಟೇಪಲ್ ಮಾಡುವುದು ಎನ್ನುತ್ತಾರೆ: ಒಂದು ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿಯನ್ನು ಪಿನ್ನು ಹೊಡೆದು ಅಂಟಿಸಿದ ಹಾಗೆ. ಸೆಪ್ಟೆಂಬರ್ 11ರ ದಾಳಿಯ ನಂತರ ಮನೆಗೆ ಕಳಿಸುವ ಸರದಿ ಬಂದಾಗ ಅದು ಶುರುವಾದದ್ದು ತಳದಿಂದ. ಹತ್ತು ಹನ್ನೆರಡು ವರ್ಷದ ಸೇವೆಯವರು ಮನೆ ಸೇರಿದರು.

ಈ ಅನ್ಯಾಯಕ್ಕೆ ಮದ್ದು ಹಿಂದೆಯೇ ಒಮ್ಮೆ ಸಿಕ್ಕಿತ್ತು. 1972ರಲ್ಲಿ ಅಲೆಘೆನಿ ಮತ್ತು ಮೊಹಾಕ್ ಎಂಬ ಎರಡು ಪ್ರಾದೇಶಿಕ ಕಂಪನಿಗಳು ಸೇರುವಾಗ, ಎರಡೂ ಪಟ್ಟಿಗಳನ್ನು ನ್ಯಾಯವಾಗಿ, ಸಮಾನವಾಗಿ ಬೆರೆಸಬೇಕು ಎಂದು ಬೋರ್ಡು ಷರತ್ತು ಹಾಕಿತ್ತು. ಬೋರ್ಡೇ ಮುಚ್ಚಿಹೋದ ಮೇಲೆ ಆ ಷರತ್ತಿಗೆ ಕಾನೂನಿನ ಬಲ ಉಳಿಯಲಿಲ್ಲ. ಟಿಡಬ್ಲ್ಯುಎಯವರ ಗತಿ ನೋಡಿದ ಸಂಸತ್ತು 2007ರಲ್ಲಿ ಮೆಕಾಸ್ಕಿಲ್–ಬಾಂಡ್ ತಿದ್ದುಪಡಿಯ ಮೂಲಕ ಅದೇ 1972ರ ಷರತ್ತನ್ನು ಕಾನೂನಾಗಿ ಮಾಡಿತು. ಸ್ಟೇಪಲ್ ಆದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ, ಹಿಂದಿನದಕ್ಕೆ ಅದು ಅನ್ವಯಿಸುತ್ತಿರಲಿಲ್ಲ.

1978ರ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಏರ್‌ಲೈನ್ ನಿಯಂತ್ರಣ ರದ್ದತಿ ಕಾಯ್ದೆಗೆ ಸಹಿ ಹಾಕಿದರು. ಇನ್ನು ಮುಂದೆ ಯಾರು ಎಲ್ಲಿಗಾದರೂ ಹಾರಬಹುದು, ಬೇಡವೆನಿಸಿದರೆ ಬಿಡಬಹುದು. ದೊಡ್ಡ ಏರ್‌ಲೈನ್‌ಗಳು ಸಣ್ಣ ಊರುಗಳನ್ನು ಬಿಟ್ಟವು. ಆ ಜಾಗಕ್ಕೆ ಹತ್ತೊಂಬತ್ತು ಸೀಟು, ಮೂವತ್ತು ಸೀಟಿನ ವಿಮಾನಗಳ ಸಣ್ಣ ಕಂಪನಿಗಳು ಬಂದವು. ಅವುಗಳಲ್ಲಿ ಹಲವು ದೊಡ್ಡ ಕಂಪನಿಯ ಬಣ್ಣ ಬಳಿದುಕೊಂಡು, ಅದರ ಹೆಸರಿನಲ್ಲೇ ಟಿಕೆಟ್ ಮಾರುವ ದಾರಿ ಹಿಡಿದವು. ಇದಕ್ಕೆ ಮಾದರಿಯೂ ಅಲೆಘೆನಿಯದೇ. 1967ರಲ್ಲಿ ಮೇರಿಲ್ಯಾಂಡ್‌ನ ಹೇಗರ್ಸ್‌ಟೌನ್ ಮಾರ್ಗವನ್ನು ಅದು ಹೆನ್ಸನ್ ಎಂಬ ಸಣ್ಣ ಕಂಪನಿಗೆ ಒಪ್ಪಿಸಿ ಅಲೆಘೆನಿ ಕಮ್ಯೂಟರ್ ಎಂದು ಹೆಸರಿಟ್ಟಿತ್ತು. ಎಂಬತ್ತರ ದಶಕದ ಮಧ್ಯದ ಹೊತ್ತಿಗೆ ಇದೇ ವ್ಯವಸ್ಥೆ ಎಲ್ಲೆಡೆ ಹಬ್ಬಿತು. ಪ್ರಯಾಣಿಕ ಡೆಲ್ಟಾದ ಟಿಕೆಟ್ ಕೊಂಡು ಡೆಲ್ಟಾ ಬಣ್ಣದ ವಿಮಾನ ಹತ್ತುತ್ತಾನೆ. ಒಳಗೆ ಕೂತ ಪೈಲಟ್‌ಗಳಿಗೆ ಸಂಬಳ ಕೊಡುವುದು ಬೇರೊಂದು ಕಂಪನಿ, ಅವರ ನಂಬರು ಬೇರೊಂದು ಪಟ್ಟಿಯಲ್ಲಿ. ನಮ್ಮ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರನ್ನು ನೆನೆದರೆ ಈ ಏರ್ಪಾಟು ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ಕೆಲಸದ ಪ್ರಶ್ನೆ ಇಂದಿನ ರೂಪಕ್ಕೆ ಬಂದದ್ದು ಇಲ್ಲಿಂದ. ಪ್ರಾದೇಶಿಕ ಏರ್‌ಲೈನ್ ಎಂದರೆ ಬಿಟ್ಟುಹೋಗಲೆಂದೇ ಸೇರುವ ಜಾಗವಾಯಿತು. ದೊಡ್ಡ ಏರ್‌ಲೈನ್‌ಗಳು ಅರ್ಜಿದಾರರಲ್ಲಿ ನೋಡುತ್ತಿದ್ದದ್ದು ಟರ್ಬೈನ್ ವಿಮಾನದಲ್ಲಿ ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳನ್ನು, ಸಾಮಾನ್ಯವಾಗಿ 1,000 ಗಂಟೆ. ಆದ್ದರಿಂದ ಹೊಸಬರು ಕೇಳುತ್ತಿದ್ದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಕ್ಯಾಪ್ಟನ್ ಆಗಲು ಇಲ್ಲಿ ಎಷ್ಟು ತಿಂಗಳು ಎಂಬುದು. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲ ವರ್ಷದ ಸಂಬಳ 20,000 ಡಾಲರ್ ಆಸುಪಾಸಿನಲ್ಲಿ ದಶಕಗಟ್ಟಲೆ ನಿಂತುಬಿಟ್ಟಿತು. ತೊಂಬತ್ತರ ದಶಕದಲ್ಲಿ ಕೆಲವು ಕಂಪನಿಗಳು ತರಬೇತಿಯ ಖರ್ಚನ್ನು ಹೊಸ ಪೈಲಟ್‌ನಿಂದಲೇ ವಸೂಲು ಮಾಡುತ್ತಿದ್ದವು. ಕೆಲಸಕ್ಕೆ ಸೇರಲು ಸಾವಿರಾರು ಡಾಲರ್ ಕಟ್ಟಬೇಕು. ಡೊನೇಶನ್ ಕೊಟ್ಟು ಸೀಟು ಪಡೆಯುವುದನ್ನು ಕಂಡ ನಮಗೆ ಆಶ್ಚರ್ಯವಾಗಬೇಕಿಲ್ಲ. ಸೀಟು ಎಂಬ ಪದಕ್ಕೆ ಅಲ್ಲಿ ಕುರ್ಚಿ ಎಂಬ ಅಕ್ಷರಶಃ ಅರ್ಥವಿತ್ತು, ಅಷ್ಟೇ.

ಇದೆಲ್ಲದರಲ್ಲಿ ನನಗೆ ತೀರಾ ವಿಚಿತ್ರವಾಗಿ ಕಂಡದ್ದು ಕಾಮ್‌ಏರ್ ಕಂಪನಿಯ ಕಥೆ. 1977ರಲ್ಲಿ ಸಿನ್ಸಿನಾಟಿಯಲ್ಲಿ ತಂದೆ ಮಗ ಸೇರಿ ಪೈಪರ್ ನವಾಹೋ ಎಂಬ ಪುಟ್ಟ ವಿಮಾನಗಳಿಂದ ಶುರುಮಾಡಿದ ಕಂಪನಿ ಅದು. 1984ರಲ್ಲಿ ಡೆಲ್ಟಾ ಕನೆಕ್ಷನ್ ಆಯಿತು. 1993ರಲ್ಲಿ ಕೆನಡಾದ ಐವತ್ತು ಸೀಟಿನ ಜೆಟ್ ಸಿಆರ್‌ಜೆಯನ್ನು ಅಮೆರಿಕದಲ್ಲಿ ಮೊದಲು ಹಾರಿಸಿತು. ಪ್ರೊಪೆಲ್ಲರ್ ವಿಮಾನಗಳ ಲೋಕಕ್ಕೆ ಜೆಟ್ ಬಂದದ್ದೇ ತಡ, ಹೊಸ ಪೈಲಟ್‌ಗಳೆಲ್ಲ ಅತ್ತ ನೋಡಿದರು. ಡೆಲ್ಟಾ ಆ ಕಂಪನಿಯನ್ನೇ ಕೊಂಡಿತು. 2001ರ ಮಾರ್ಚ್ 26ರಂದು ಕಾಮ್‌ಏರ್ ಪೈಲಟ್‌ಗಳು ಮುಷ್ಕರ ಹೂಡಿದರು. 89 ದಿನ ಒಂದೂ ವಿಮಾನ ಹಾರಲಿಲ್ಲ. ದೊಡ್ಡ ಕಂಪನಿಯದೇ ಪ್ರಯಾಣಿಕರನ್ನು ಹೊತ್ತು ಜೆಟ್ ಹಾರಿಸುವ ನಮಗೆ ಯಾಕೆ ಇಷ್ಟು ಕಡಿಮೆ ಎಂಬುದು ಅವರ ಪ್ರಶ್ನೆ. ಗೆದ್ದರು. ಪ್ರಾದೇಶಿಕ ಪೈಲಟ್‌ಗಳಿಗೆ ಅಲ್ಲಿಯವರೆಗೆ ಸಿಕ್ಕ ಒಪ್ಪಂದಗಳಲ್ಲೇ ಉತ್ತಮವಾದವುಗಳಲ್ಲಿ ಅದೊಂದು.

ಆ ಬೇಸಿಗೆಯಲ್ಲಿ ಹೊಸ ಪೈಲಟ್ ಒಬ್ಬರು ನಿಮ್ಮನ್ನು ಸಲಹೆ ಕೇಳಿದ್ದರೆ ನೀವು ಕಾಮ್‌ಏರ್ ಎನ್ನುತ್ತಿದ್ದಿರಿ, ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಗುತ್ತಿಗೆಯ ಲೋಕದಲ್ಲಿ ಒಳ್ಳೆಯ ಸಂಬಳ ಕೊಡುವ ಕಂಪನಿಗೆ ಒಂದು ರೋಗ ಅಂಟುತ್ತದೆ. ಅಲ್ಲಿಂದ ಯಾರೂ ಬಿಟ್ಟು ಹೋಗುವುದಿಲ್ಲ. ಬಿಡದಿದ್ದರೆ ಮೇಲಿನ ನಂಬರುಗಳು ಖಾಲಿಯಾಗುವುದಿಲ್ಲ, ಹೊಸಬರಿಗೆ ಬಡ್ತಿ ಇಲ್ಲ. ಎಲ್ಲರೂ ಹತ್ತು ಹದಿನೈದು ವರ್ಷ ಹಳಬರಾದಂತೆ ಸಂಬಳದ ಮೊತ್ತ ಏರುತ್ತದೆ, ಪ್ರತಿ ಹಾರಾಟದ ಖರ್ಚೂ ಏರುತ್ತದೆ. ನಿನ್ನೆ ಹುಟ್ಟಿದ, ಎಲ್ಲ ಹೊಸಬರೇ ಇರುವ ಮತ್ತೊಂದು ಕಂಪನಿ ಕಡಿಮೆ ದರ ಹೇಳಿ ಅದೇ ಮಾರ್ಗವನ್ನು ಕಿತ್ತುಕೊಳ್ಳುತ್ತದೆ. 2005ರಲ್ಲಿ ಡೆಲ್ಟಾ ದಿವಾಳಿ ರಕ್ಷಣೆ ಕೋರಿತು, ಕಾಮ್‌ಏರ್ ಸಹ. ವಿಮಾನಗಳು ಒಂದೊಂದಾಗಿ ಕಡಿಮೆಯಾದವು. 2012ರ ಸೆಪ್ಟೆಂಬರ್ 29ರಂದು ಡೆಲ್ಟಾ ಕಾಮ್‌ಏರ್ ಬಾಗಿಲು ಮುಚ್ಚಿತು. ಅಲ್ಲಿ ಉಳಿದಿದ್ದ ಪೈಲಟ್‌ಗಳ ನಂಬರುಗಳಿಗೆ ಅಂದಿನಿಂದ ಬೆಲೆ ಇಲ್ಲ. ಮುಷ್ಕರ ಮಾಡಿದ್ದು ತಪ್ಪು ಎಂದು ಇದನ್ನು ಓದುವವರಿದ್ದಾರೆ, ನಾನು ಹಾಗೆ ಓದಲಾರೆ. ಅವರು ಕೇಳಿದ್ದು ನ್ಯಾಯವಾಗಿತ್ತು. ಅದನ್ನು ಕೊಟ್ಟ ಕೈಯಲ್ಲೇ ಕಿತ್ತುಕೊಳ್ಳಲು ಅನುಕೂಲವಾಗುವಂತೆ ಇಡೀ ಏರ್ಪಾಟು ಕಟ್ಟಲ್ಪಟ್ಟಿತ್ತು.

ದೊಡ್ಡ ಏರ್‌ಲೈನಿನ ಪೈಲಟ್‌ಗಳೂ ಇದರಲ್ಲಿ ಪೂರ್ತಿ ನಿರಪರಾಧಿಗಳಲ್ಲ. ಸಣ್ಣ ಕಂಪನಿಗಳು ಇಷ್ಟು ಸೀಟಿಗಿಂತ ದೊಡ್ಡ ವಿಮಾನ ಹಾರಿಸಬಾರದು ಎಂದು ತಮ್ಮ ಒಪ್ಪಂದಗಳಲ್ಲಿ ಅವರು ಗೆರೆ ಎಳೆದರು. ಮೊದಲು 50 ಸೀಟು, ಆಮೇಲೆ 70, 76. ಪ್ರತಿ ದಿವಾಳಿಯಲ್ಲೂ ಆ ಗೆರೆಯನ್ನು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ತಮ್ಮ ಸಂಬಳ ಉಳಿಸಿಕೊಂಡರು. ಗೆರೆಯ ಕೆಳಗಿನವರು ಅದೇ ಸಂಘದ ಸದಸ್ಯರಾಗಿದ್ದಾಗಲೂ ಹೀಗೆಯೇ ನಡೆಯಿತು. ಅಮೆರಿಕನ್ ಈಗಲ್ ಕಂಪನಿಯಲ್ಲಿ 1997ರಲ್ಲಿ ಒಂದು ಒಳ್ಳೆಯ ಪ್ರಯತ್ನವಾಯಿತು: ಈಗಲ್‌ನ ಜೆಟ್ ಕ್ಯಾಪ್ಟನ್‌ಗಳಿಗೆ ಅಮೆರಿಕನ್‌ನ ಪಟ್ಟಿಯಲ್ಲಿ ಮೊದಲೇ ನಂಬರು, ಅದಕ್ಕೆ ಬದಲಾಗಿ ಅಮೆರಿಕನ್‌ನಲ್ಲಿ ಕೆಲಸ ಕಳೆದುಕೊಂಡವರು ಈಗಲ್‌ಗೆ ಇಳಿದು ಬರಬಹುದು. 2001ರ ನಂತರ ಹರಿವು ಕೆಳಮುಖವಾಯಿತು. ಮೇಲಿನವರು ಇಳಿದು ಬಂದು ಕ್ಯಾಪ್ಟನ್ ಸೀಟುಗಳಲ್ಲಿ ಕೂತರು. ಮೇಲಿನ ಪಟ್ಟಿಯಲ್ಲಿ ನಂಬರು ಹಿಡಿದುಕೊಂಡು ವರ್ಷಗಟ್ಟಲೆ ಕೆಳಗೇ ಕಾದವರು ಪಂಚಾಯ್ತಿ, ಮಧ್ಯಸ್ಥಿಕೆ ಎಂದು ಅಲೆದರು.

ಈಗ 2009ರ ಫೆಬ್ರವರಿ 12ರ ರಾತ್ರಿಗೆ ಬರೋಣ. ನ್ಯೂಅರ್ಕ್‌ನಿಂದ ಬಫೆಲೋಗೆ ಹೊರಟ ಕಾಲ್ಗನ್ ಏರ್‌ನ 3407ನೇ ವಿಮಾನ. ಟಿಕೆಟ್ಟಿನ ಮೇಲಿದ್ದ ಹೆಸರು ಕಾಂಟಿನೆಂಟಲ್. ಇಳಿಯುವ ಹೊತ್ತಿಗೆ ವೇಗ ತೀರಾ ಕಡಿಮೆಯಾಯಿತು. ಎಚ್ಚರಿಕೆಯಾಗಿ ಸ್ಟಿಕ್ಕು ನಡುಗಿದಾಗ ಅದನ್ನು ಮುಂದಕ್ಕೆ ತಳ್ಳಬೇಕಿದ್ದ ಕ್ಯಾಪ್ಟನ್ ಹಿಂದಕ್ಕೆ ಎಳೆದರು. ವಿಮಾನ ಮನೆಯೊಂದರ ಮೇಲೆ ಬಿತ್ತು. ಒಳಗಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು ಸತ್ತರು.

ತನಿಖಾ ಮಂಡಳಿ ಪ್ರಕಟಿಸಿದ ಕಾಕ್‌ಪಿಟ್ ಸಂಭಾಷಣೆಯ ಪ್ರತಿ ಸಾರ್ವಜನಿಕ ದಾಖಲೆ. ನೆಲಕ್ಕೆ ಹತ್ತಿರವಾಗುತ್ತಿರುವಾಗ, ಮಾತಾಡಬಾರದ ಹೊತ್ತಿನಲ್ಲಿ, ಇಬ್ಬರೂ ಮಾತಾಡುತ್ತಿರುವುದು ಇದೇ ವಿಷಯವನ್ನು: ಸೇರಿದಾಗ ನಿನಗೆ ಎಷ್ಟು ಗಂಟೆ ಇತ್ತು, ನನಗೆ ಎಷ್ಟಿತ್ತು, ಬಡ್ತಿ ಯಾವಾಗ. ಇಪ್ಪತ್ನಾಲ್ಕು ವರ್ಷದ ಫಸ್ಟ್ ಆಫೀಸರ್ 2008ರ ಜನವರಿಯಲ್ಲಿ ಸೇರಿದಾಗ ಅವರಿಗೆ ಸುಮಾರು 1,600 ಗಂಟೆಗಳಿದ್ದವು, ಎಲ್ಲವೂ ಅರಿಝೋನಾದ ಬಿಸಿಲಿನಲ್ಲಿ ಗಳಿಸಿದವು. ರೆಕ್ಕೆಯ ಮೇಲೆ ಮಂಜುಗಟ್ಟುವುದನ್ನು ಈ ಕೆಲಸಕ್ಕೆ ಬರುವ ಮುಂಚೆ ಕಂಡಿರಲೇ ಇಲ್ಲ ಎನ್ನುತ್ತಾರೆ. ಕ್ಯಾಪ್ಟನ್ ಆಗುವ ಮೊದಲು ಈಶಾನ್ಯದ ಒಂದು ಚಳಿಗಾಲವನ್ನು ದಾಟುವುದು ಒಳ್ಳೆಯದೇ ಎಂಬ ಅರ್ಥದ ಮಾತೂ ಬರುತ್ತದೆ. ಕ್ಯಾಪ್ಟನ್ ತಾವು ಸೇರಿದಾಗ ಇದ್ದದ್ದು ಆರುನೂರು ಚಿಲ್ಲರೆ ಗಂಟೆ ಎನ್ನುತ್ತಾರೆ. ಅವರು ಅದಕ್ಕೂ ಮೊದಲು ಹಣ ಕಟ್ಟಿ ಬಲಗಡೆಯ ಸೀಟಿನಲ್ಲಿ ಹಾರುವ ತರಬೇತಿಯೊಂದರಿಂದ ಬಂದವರು.

ಆ ಫಸ್ಟ್ ಆಫೀಸರ್ ವಾಸವಿದ್ದದ್ದು ಸಿಯಾಟಲ್ ಬಳಿ, ತಂದೆತಾಯಿಯ ಮನೆಯಲ್ಲಿ. ಕೆಲಸದ ಊರು ಖಂಡದ ಆಚೆ ತುದಿಯ ನ್ಯೂಅರ್ಕ್. ಹಿಂದಿನ ರಾತ್ರಿ ಸರಕು ವಿಮಾನದ ಖಾಲಿ ಸೀಟಿನಲ್ಲಿ ಮೆಂಫಿಸ್ ಮೂಲಕ ಬೆಳಗ್ಗೆ ನ್ಯೂಅರ್ಕ್ ತಲುಪಿ, ಸಿಬ್ಬಂದಿಯ ಕೊಠಡಿಯ ಸೋಫಾದ ಮೇಲೆ ಮಲಗಿದ್ದರು. ಸಂಬಳ ವರ್ಷಕ್ಕೆ ಸುಮಾರು 16,000 ಡಾಲರ್ ಎಂದು ಆ ಮೇ ತಿಂಗಳ ವಿಚಾರಣೆಯಲ್ಲಿ ಬಂತು. ಕಂಪನಿ ಆಮೇಲೆ 23,900 ಎಂದು ತಿದ್ದಿತು. ತಿದ್ದಿದ ಮೇಲೂ ನ್ಯೂಅರ್ಕ್‌ನಲ್ಲಿ ಬಾಡಿಗೆ ಮನೆ ಹಿಡಿಯುವ ಮೊತ್ತವೇನೂ ಅದಲ್ಲ. ಕಿರಿಯ ನಂಬರಿನವರಿಗೆ ಊರು ಆರಿಸಿಕೊಳ್ಳುವ ಹಕ್ಕಿರುವುದಿಲ್ಲ, ಸಿಕ್ಕ ಊರಿನಲ್ಲಿ ಬದುಕುವಷ್ಟು ಸಂಬಳವೂ ಇರುವುದಿಲ್ಲ. ಎರಡೂ ಸೇರಿದರೆ ಹೀಗೆ ಸೋಫಾ.

ಸತ್ತವರ ಕುಟುಂಬಗಳು ವಾಷಿಂಗ್ಟನ್ನಿಗೆ ಮತ್ತೆ ಮತ್ತೆ ಹೋದವು. 2010ರ ಆಗಸ್ಟ್ 1ರಂದು ಕಾನೂನಾಯಿತು. 2013ರಿಂದ ಜಾರಿಗೆ ಬಂದ ನಿಯಮದಂತೆ ಫಸ್ಟ್ ಆಫೀಸರ್‌ಗೂ 1,500 ಗಂಟೆ ಬೇಕು. ಅದಕ್ಕೂ ಹಿಂದೆ 250 ಗಂಟೆಗೇ ವಾಣಿಜ್ಯ ಲೈಸೆನ್ಸ್ ಸಿಕ್ಕಿ ಬಲಗಡೆಯ ಸೀಟಿನಲ್ಲಿ ಕೂರಬಹುದಿತ್ತು. ಸೈನ್ಯದಿಂದ ಬಂದವರಿಗೆ 750, ವಿಮಾನಯಾನದ ಪದವಿ ಇದ್ದವರಿಗೆ 1,000 ಎಂಬ ರಿಯಾಯಿತಿಗಳಿವೆ. ಆ ರಾತ್ರಿಯ ಇಬ್ಬರಿಗೂ 1,500ಕ್ಕಿಂತ ಹೆಚ್ಚು ಗಂಟೆಗಳಿದ್ದವು ಎಂಬುದನ್ನು ಈ ನಿಯಮದ ವಿರೋಧಿಗಳು ಎತ್ತಿ ತೋರಿಸುತ್ತಾರೆ. ಅದು ನಿಜ. ಆದರೆ ಈ ನಿಯಮ ಇನ್ನೊಂದು ಕೆಲಸ ಮಾಡಿತು, ಬಹುಶಃ ಯಾರೂ ಉದ್ದೇಶಿಸದ್ದು. ಅಗ್ಗದ ಪೈಲಟ್‌ಗಳ ಸಾಲನ್ನು ಅದು ಕತ್ತರಿಸಿತು. ಹಿಂದಿನ ಮುಷ್ಕರಗಳಿಂದ ಆಗದ್ದು ಈ ಅಂಕಿಯಿಂದ ಆಗತೊಡಗಿತು.

ಪೆಟ್ಟು ಮೊದಲು ಬಿದ್ದದ್ದು ತೀರಾ ಸಣ್ಣವರ ಮೇಲೆ. ವಯೋಮಿಂಗ್‌ನ ಗ್ರೇಟ್ ಲೇಕ್ಸ್ ಏರ್‌ಲೈನ್ಸ್ ಈ ನಿಯಮದಿಂದ ತಪ್ಪಿಸಿಕೊಳ್ಳಲು ತನ್ನ 19 ಸೀಟಿನ ವಿಮಾನಗಳಿಂದ ಹತ್ತು ಸೀಟು ಕಿತ್ತು ಒಂಬತ್ತಕ್ಕೆ ಇಳಿಸಿತು, ಆದರೂ 2018ರ ಮಾರ್ಚ್‌ನಲ್ಲಿ ಹಾರಾಟ ನಿಲ್ಲಿಸಿತು. ದೊಡ್ಡದಾದ ರಿಪಬ್ಲಿಕ್ ಏರ್‌ವೇಸ್ (ಹಳೆಯ ರಿಪಬ್ಲಿಕ್ ಅಲ್ಲ, ಹೆಸರು ಮಾತ್ರ ಅದೇ) ಪೈಲಟ್‌ಗಳ ಕೊರತೆಯ ಕಾರಣ ಕೊಟ್ಟು 2016ರಲ್ಲಿ ದಿವಾಳಿ ರಕ್ಷಣೆ ಕೋರಿತು. ಉಳಿದವರು ಸೇರುವವರಿಗೆ ಬೋನಸ್ ಕೊಡತೊಡಗಿದರು. ಕೊರೋನಾದ 2020ರಲ್ಲಿ ಟ್ರಾನ್ಸ್ ಸ್ಟೇಟ್ಸ್, ಕಂಪಾಸ್ ಮುಚ್ಚಿದವು. 2022ರ ಜೂನ್‌ನಲ್ಲಿ ಅಮೆರಿಕನ್ ತನ್ನ ಸ್ವಂತದ ಮೂರು ಪ್ರಾದೇಶಿಕ ಕಂಪನಿಗಳಾದ ಎನ್ವಾಯ್, ಪೀಡ್ಮಾಂಟ್, ಪಿಎಸ್‌ಎಗಳಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ತಾತ್ಕಾಲಿಕ ಹೆಚ್ಚಳವೂ ಸೇರಿ ಗಂಟೆಗೆ 90 ಡಾಲರ್ ಘೋಷಿಸಿತು. ಎನ್ವಾಯ್ ಎಂದರೆ ಅದೇ ಹಳೆಯ ಅಮೆರಿಕನ್ ಈಗಲ್.

ನಮ್ಮಲ್ಲಿ ಈ ಏಣಿಯೇ ಇಲ್ಲ. ಭಾರತದಲ್ಲಿ 200 ಗಂಟೆಗೆ ವಾಣಿಜ್ಯ ಲೈಸೆನ್ಸ್ ಸಿಗುತ್ತದೆ. ಕೈಯಿಂದ ಹಣ ಹಾಕಿ ಟೈಪ್ ರೇಟಿಂಗ್ ಮಾಡಿಸಿಕೊಂಡವರು ನೇರವಾಗಿ ಏರ್‌ಬಸ್ 320ರ ಬಲಗಡೆಯ ಸೀಟಿಗೆ ಹೋಗಬಹುದು. ಆದರೆ ಮೊದಲ ಕಂಪನಿಯ ಜೂಜು ಇಲ್ಲಿಯೂ ತಪ್ಪಿದ್ದಲ್ಲ. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಎಟಿಆರ್ ವಿಮಾನ ಹಾರಿಸಿದಾಗ ಅದು ಕರ್ನಾಟಕಕ್ಕೆ ಹಬ್ಬ. ಐದು ವರ್ಷದೊಳಗೆ ಅದು ಕಿಂಗ್‌ಫಿಷರ್ ಆಯಿತು. 2012ರ ಅಕ್ಟೋಬರ್‌ನಲ್ಲಿ, ತಿಂಗಳುಗಟ್ಟಲೆ ಸಂಬಳ ಬಾಕಿ ಇಟ್ಟು, ಕಿಂಗ್‌ಫಿಷರ್ ನಿಂತಿತು. ಕಾಮ್‌ಏರ್ ಮುಚ್ಚಿ ಆಗ ತಿಂಗಳೂ ತುಂಬಿರಲಿಲ್ಲ.

ಕಾಲ್ಗನ್ ಏರ್ ಕೂಡ ಅದೇ 2012ರ ಸೆಪ್ಟೆಂಬರ್‌ನಲ್ಲಿ ಕೊನೆಯ ಸಲ ಹಾರಿತು. ಅದರ ಒಡೆತನ ಪಿನಾಕಲ್ ಎಂಬ ಕಂಪನಿಯ ಕೈಯಲ್ಲಿತ್ತು. ಪಿನಾಕಲ್, ಮೆಸಾಬಾ, ಕಾಲ್ಗನ್ ಮೂರರ ಪೈಲಟ್ ಪಟ್ಟಿಗಳನ್ನು 2011ರಲ್ಲೇ ಮಧ್ಯಸ್ಥಿಕೆಯ ಮೂಲಕ ಬೆರೆಸಿ ಒಂದು ಮಾಡಿದ್ದರು. ಪಿನಾಕಲ್ ದಿವಾಳಿಯಿಂದ ಎದ್ದು ಡೆಲ್ಟಾದ ಪಾಲಾಗಿ 2013ರಲ್ಲಿ ಎಂಡೆವರ್ ಏರ್ ಎಂದು ಹೆಸರು ಬದಲಿಸಿಕೊಂಡಿತು. 2008ರ ಜನವರಿಯಲ್ಲಿ ಆ ಫಸ್ಟ್ ಆಫೀಸರ್ ಜತೆ ಕಾಲ್ಗನ್‌ನ ತರಗತಿಯಲ್ಲಿ ಕೂತವರಲ್ಲಿ ಬಿಟ್ಟು ಹೋಗದೆ ಉಳಿದವರ ತಾರೀಕು ಹೀಗೆ ಎಂಡೆವರ್‌ನ ಪಟ್ಟಿಗೆ ಬಂತು, ತಳದಲ್ಲಲ್ಲ, ನಡುವೆ ಎಲ್ಲೋ.